ಬರೀ ಟ್ರಕ್ ಡ್ರೈವರ್‌ಗಳಿಗೆ ಅಂತ ಒಂದು ಕೋಣೆ: ನನ್ನ ಅನುಭವ

ಅಮೆರಿಕದಲ್ಲಿ ಟ್ರಕ್ ಡ್ರೈವರ್‌ಗಳು ಮಾಡಿಸಲೇಬೇಕಾದ ಸಾರಿಗೆ ಇಲಾಖೆಯ ಆರೋಗ್ಯ ತಪಾಸಣೆ, ಅಂದರೆ ಡಿಒಟಿ ಪರೀಕ್ಷೆ, ಅದೊಂದನ್ನೇ ನಂಬಿಕೊಂಡು ಕ್ಲಿನಿಕ್ ನಡೆಸೋಕೆ ಆಗಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಜೊತೆಗಿದ್ದ ಡಾಕ್ಟರ್ ಹೇಳಿದರು, ಲೆಕ್ಕ ನೋಡುವವರು ಹೇಳಿದರು, ನಮ್ಮ ಯಜಮಾನರೂ ಹೇಳಿದರು. ಮೂರು ವರ್ಷ ಆಯಿತು. ಸಿಯಾಟಲ್ ಪಕ್ಕದ ಕೆಂಟ್‌ನಲ್ಲಿ, ಗೋದಾಮುಗಳ ಮಧ್ಯೆ, ಒಂದೇ ಕೋಣೆಯಲ್ಲಿ ತಿಂಗಳಿಗೆ ನೂರರ ಮೇಲೆ ಡ್ರೈವರ್‌ಗಳನ್ನು ನೋಡುತ್ತಿದ್ದೇನೆ. ನಮ್ಮೂರ ಕಡೆಯಿಂದ ಬಂದು ಇಲ್ಲಿ ನನ್ನ ಹಾಗೆ ನರ್ಸ್ ಪ್ರಾಕ್ಟೀಷನರ್ (ರೋಗಿಗಳನ್ನು ತಾವೇ ನೋಡಿ ಔಷಧಿ ಬರೆಯಬಲ್ಲ ನರ್ಸ್) ಆದವರು ಹೇಗೆ ಮಾಡಿದೆ ಅಂತ ಕೇಳುತ್ತಿರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಈ ತಪಾಸಣೆ ಮಾಡುವವರ ಫೆಡರಲ್ ಪಟ್ಟಿಗೆ, ಅಂದರೆ ರಿಜಿಸ್ಟ್ರಿಗೆ, ಸೇರೋಕೆ ಬೇಕಾದ ಟ್ರೈನಿಂಗ್, 120 ಪ್ರಶ್ನೆಯ ಪರೀಕ್ಷೆ, ತಪಾಸಣೆ ವಿವರ ಬರೆಯುವ 5875 ಫಾರ್ಮ್, ಇದೆಲ್ಲ ನಿಮಗೆ ಗೊತ್ತೇ ಇದೆ.

ಮೊದಲು ನಾನೊಂದು ಅರ್ಜೆಂಟ್ ಕೇರ್‌ನಲ್ಲಿದ್ದೆ, ಅಂದರೆ ಅಪಾಯಿಂಟ್‌ಮೆಂಟ್ ಇಲ್ಲದೆ ಬಂದವರನ್ನು ನೋಡುವ ಕ್ಲಿನಿಕ್. ಅಲ್ಲಿ ಕೆಮ್ಮು, ಕಾಲು ಉಳುಕು ಇವುಗಳ ನಡುವೆ ಡ್ರೈವರ್‌ಗಳ ಸರದಿ. ಎರಡು ಗಂಟೆ ಕಾದು, ಸಿಟ್ಟು ನೆತ್ತಿಗೇರಿದಾಗ ಬಿಪಿ ನೋಡಿದರೆ ಎಷ್ಟು ಬರುತ್ತೆ ಹೇಳಿ? ಎರಡು ವರ್ಷದ ಕಾರ್ಡ್ (ಗಾಡಿ ಓಡಿಸೋಕೆ ಆರೋಗ್ಯ ಸರಿಯಿದೆ ಅನ್ನೋ ಸರ್ಟಿಫಿಕೇಟ್) ಸಿಗಬೇಕಾದವರಿಗೆ ಒಂದು ವರ್ಷದ್ದು ಸಿಗುತ್ತಿತ್ತು. ನನಗೆ ಅದು ಸಂಕಟ. ನಮ್ಮಪ್ಪ ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಗಾಡಿ ಒಂದು ದಿನ ನಿಂತರೆ ಮನೆಯಲ್ಲಿ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ವಾಷಿಂಗ್ಟನ್‌ನಲ್ಲಿ ನಮಗೆ ಡಾಕ್ಟರ್ ಮೇಲ್ವಿಚಾರಣೆ ಬೇಕಿಲ್ಲ, ಸ್ವತಂತ್ರವಾಗಿ ಕ್ಲಿನಿಕ್ ತೆರೆಯಬಹುದು. ಲೆಕ್ಕ ಕೂಡಿಬಂದದ್ದು ಅದರಿಂದಲೇ. ಬೇರೆ ಕೆಲವು ರಾಜ್ಯಗಳಂತೆ ಡಾಕ್ಟರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ. ಒಂದು ಫಿಸಿಯೋಥೆರಪಿ ಜಾಗದ ಹಿಂದಿನ ಕೋಣೆಯನ್ನು ತಿಂಗಳಿಗೆ 850 ಡಾಲರ್‌ಗೆ ಹಿಡಿದೆ. ಸಾಮಾನಿಗೆ ಮೂರು ಸಾವಿರದ ಹತ್ತಿರ ಆಯಿತು. ಇಲ್ಲಿ ಮೂತ್ರಕ್ಕೆ ಕಡ್ಡಿ ಅದ್ದೋಕೂ ರಾಜ್ಯದ ಮೆಡಿಕಲ್ ಟೆಸ್ಟ್ ಸೈಟ್ ಲೈಸೆನ್ಸ್ ಬೇಕು, ಅದನ್ನು ಮರೆತು ಎರಡು ವಾರ ಬಾಗಿಲು ಹಾಕಿಕೊಂಡು ಬಾಡಿಗೆ ಕಟ್ಟಿದೆ.

ಮೊದಲ ತಿಂಗಳು ಹನ್ನೊಂದು ಪರೀಕ್ಷೆ. ಎರಡನೇ ತಿಂಗಳು ಹತ್ತೊಂಬತ್ತೋ ಇಪ್ಪತ್ತೋ. ಇನ್ಶೂರೆನ್ಸ್ ಗೋಜಿಲ್ಲ, ಎಲ್ಲ ಕೈಯಿಂದ ಕೊಡುವ ದುಡ್ಡು. ಆಗ 85 ಡಾಲರ್ ತೆಗೆದುಕೊಳ್ಳುತ್ತಿದ್ದೆ. ನಾಲ್ಕು ತಿಂಗಳಲ್ಲಿ ಆರು ಸಾವಿರದಷ್ಟು ಕೈಬಿಟ್ಟಿತು. ಜನ ಬರುತ್ತಿರಲಿಲ್ಲ ಅನ್ನೋದಕ್ಕಿಂತ, ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗ ಕಾರ್ಡ್ ಇಲ್ಲದೆ ಹೋಗುತ್ತಿದ್ದರು, ಅದೇ ದೊಡ್ಡ ಪೆಟ್ಟು. ನಿದ್ದೆಯಲ್ಲಿ ಉಸಿರು ನಿಲ್ಲದಿರಲಿ ಅಂತ ರಾತ್ರಿ ಸಿ-ಪ್ಯಾಪ್ ಮಷೀನ್ ಹಾಕುವವರ ಹತ್ತಿರ ಮಷೀನ್ ರಿಪೋರ್ಟ್ ಇರಲ್ಲ, ಇನ್ಸುಲಿನ್ ತೆಗೆದುಕೊಳ್ಳುವವರ ಹತ್ತಿರ ಅವರ ಡಾಕ್ಟರ್ ತುಂಬಿಕೊಡಬೇಕಾದ 5870 ಫಾರ್ಮ್ ಇರಲ್ಲ, ಇದ್ದರೂ ಡಾಕ್ಟರ್ ಸಹಿ ಹಾಕಿ 45 ದಿನ ದಾಟಿರುತ್ತೆ. ಅದೂ ಹಳೇ ಕಾರ್ಡ್ ಮುಗಿಯುವ ದಿನವೇ ಬರುತ್ತಾರೆ. ಬರಿಗೈಲಿ ಹೋದವರು ಟ್ರಕ್ ನಿಲ್ಲಿಸುವ ಯಾರ್ಡ್‌ನಲ್ಲಿ ಹತ್ತು ಜನಕ್ಕೆ ಹೇಳುತ್ತಾರೆ, ಅಲ್ವಾ?

ನಾನು ಬದಲಾಯಿಸಿದ್ದು ಒಂದೇ. ಹಿಂದಿನ ದಿನ ಸಂಜೆ ನಾನೇ ಫೋನ್ ಮಾಡುತ್ತೇನೆ. ಸಹಾಯಕರಲ್ಲ, ನಾನೇ. ಐದಾರು ನಿಮಿಷ. ಯಾವ ಮಾತ್ರೆ, ಯಾವ ಆಪರೇಷನ್, ರಾತ್ರಿ ಮಷೀನ್ ಹಾಕುತ್ತೀರಾ, ಕಾರ್ಡ್ ಯಾವತ್ತು ಮುಗಿಯುತ್ತೆ. ಕಾಗದ ಇಲ್ಲ ಅಂದರೆ ಬರಬೇಡಿ ಅನ್ನುತ್ತೇನೆ. ಜೊತೆಗೆ, ಕಾರ್ಡ್ ಮುಗಿಯೋಕೆ 40 ದಿನ ಇರುವಾಗಲೇ ಬನ್ನಿ ಅಂತ ಡ್ರೈವರ್‌ಗಳಿಗೆ ಲೋಡ್ ಹಂಚುವ ಒಂದೊಂದು ಡಿಸ್ಪ್ಯಾಚರ್ ಮೇಜಿಗೂ ಹೋಗಿ ಹೇಳಿದೆ. ಏನಾದರೂ ಕಡಿಮೆ ಬಿದ್ದರೆ ಫಾರ್ಮ್‌ನಲ್ಲಿ ‘ಡಿಟರ್ಮಿನೇಷನ್ ಪೆಂಡಿಂಗ್’ (ತೀರ್ಮಾನ ಬಾಕಿ) ಅಂತ 45 ದಿನದವರೆಗೆ ಇಡಬಹುದು, ಹಳೇ ಕಾರ್ಡ್ ಜೀವಂತ ಇರುವಷ್ಟು ದಿನ ಅವರು ಗಾಡಿ ಓಡಿಸಿಕೊಂಡೇ ಕಾಗದ ತರಬಹುದು. ನಮ್ಮಲ್ಲಿ ಎಷ್ಟೋ ಜನ ಈ ಖಾನೆಯನ್ನು ಮುಟ್ಟೋದೇ ಇಲ್ಲ. ನನ್ನ ಕ್ಲಿನಿಕ್ ನಿಂತಿರೋದೇ ಇದರ ಮೇಲೆ. ಐದನೇ ತಿಂಗಳು 40 ದಾಟಿತು, ವರ್ಷ ತುಂಬುವಾಗ 80. ಯಾವ ಡಿಸ್ಪ್ಯಾಚರ್‌ಗಳನ್ನು ಹಿಡಿದೆ, ಹೇಗೆ ಒಳಗೆ ಹೋದೆ ಅನ್ನೋದನ್ನು ಮಾತ್ರ ಹೇಳಲ್ಲ. ಅದು ನನ್ನ ಅನ್ನ.

ಬಿಪಿ ವಿಷಯ. ಗೈಡ್‌ಲೈನ್ ಪ್ರಕಾರ 140/90ರ ಒಳಗಿದ್ದರೆ ಎರಡು ವರ್ಷ, 160 ಮುಟ್ಟಿದರೆ ಒಂದೇ ಸಲ ಮೂರು ತಿಂಗಳು, 180 ಆದರೆ ರಸ್ತೆಯಿಂದ ಹೊರಗೆ. ಹೀಗಿರುವಾಗ ಸುಮ್ನೆ ಬಂದ ಕೂಡಲೇ ಪಟ್ಟಿ ಸುತ್ತೋದು ಅನ್ಯಾಯ. ನಾನು ಮೊದಲು ಮೂತ್ರದ ಡಬ್ಬಿ ಕೊಟ್ಟು ಕಳಿಸುತ್ತೇನೆ. ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಏರುತ್ತೆ. ಆಮೇಲೆ ಕಣ್ಣು, ಕಿವಿ. ಕೊನೆಗೆ ಕಾಲು ನೆಲಕ್ಕೆ, ಬೆನ್ನು ಕುರ್ಚಿಗೆ, ಐದು ನಿಮಿಷ ಮಾತಿಲ್ಲ, ದಪ್ಪ ತೋಳಿಗೆ ದೊಡ್ಡ ಪಟ್ಟಿ. ಹಠಕ್ಕೆ ಬಿದ್ದು ಒಮ್ಮೆ ನಲವತ್ತು ಜನಕ್ಕೆ ಬಂದ ಕೂಡಲೇ ಒಂದು ಸಲ, ಕೊನೆಗೊಂದು ಸಲ ನೋಡಿ ನೋಟ್‌ಬುಕ್‌ನಲ್ಲಿ ಬರೆದೆ. ಮೇಲಿನ ಅಂಕಿ ಸರಾಸರಿ ಹನ್ನೆರಡು ಇಳಿದಿತ್ತು. ಇದು ಯಾರಿಗೂ ರಿಯಾಯಿತಿ ಕೊಡೋದಲ್ಲ, ಸರಿಯಾಗಿ ಅಳೆಯೋದು. ಹೀಗೆ ಅಳೆದರೂ 170 ತೋರಿಸಿದವರಿಗೆ ಮೂರೇ ತಿಂಗಳು ಕೊಟ್ಟಿದ್ದೇನೆ, ಬೈಸಿಕೊಂಡಿದ್ದೇನೆ.

ಕಿವಿ ಪರೀಕ್ಷೆ ನಾನು ಎಣಿಸದ ಕಡೆಯಿಂದ ಕೈ ಕೊಟ್ಟಿತು. ಐದು ಅಡಿಗೆ ಟೇಪ್ ಅಂಟಿಸಿ ಪಿಸುಮಾತು ಹೇಳಿದರೆ ಸಾಕು ಅಂದುಕೊಂಡಿದ್ದೆ. ಆದರೆ ಗೋಡೆಯಾಚೆ ಫೋರ್ಕ್‌ಲಿಫ್ಟ್ ಪೀಂ ಪೀಂ ಅಂತಿದ್ದರೆ ಯಾರಿಗೆ ತಾನೇ ಕೇಳುತ್ತೆ? ಚೆನ್ನಾಗಿ ಕೇಳುವವರೇ ಫೇಲ್ ಆದರು. 600 ಡಾಲರ್‌ಗೆ ಸೆಕೆಂಡ್ ಹ್ಯಾಂಡ್ ಆಡಿಯೋಮೀಟರ್ (ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯುವ ಮಷೀನ್) ತಂದೆ, ಅದರ ಕ್ಯಾಲಿಬ್ರೇಷನ್ ಅವಧಿ ಮುಗಿದಿತ್ತು, ಮತ್ತೆ 150 ಹೋಯಿತು. ಈಗ ಪಿಸುಮಾತಿನಲ್ಲಿ ತಪ್ಪಿದವರಿಗೆ ಮಾತ್ರ ಅದು.

ಇನ್ನೊಂದು ಕಣ್ಣಿಗೆ ಬಿದ್ದದ್ದು. ಮೂತ್ರದ ಕಡ್ಡಿಯಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬಂತು ಅಂತ ಗಾಬರಿ ಬೀಳುವ ಮುಂಚೆ ಮಾತ್ರೆ ಪಟ್ಟಿ ನೋಡಿ. ಜಾರ್ಡಿಯನ್ಸ್ ತರದ ಸಕ್ಕರೆ ಕಾಯಿಲೆ ಮಾತ್ರೆ ಸಕ್ಕರೆಯನ್ನು ಮೂತ್ರಕ್ಕೇ ತಳ್ಳುತ್ತೆ. ಶುರುವಿನಲ್ಲಿ ಇಂಥ ಒಬ್ಬರನ್ನು ನಾನು ವಾಪಸ್ ಕಳಿಸಿದ್ದೆ. ಅವರ ಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 6.8 ಇತ್ತು, ಅಂದರೆ ಸಕ್ಕರೆ ಹತೋಟಿಯಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಫೋನ್ ಮಾಡಿ ಕ್ಷಮೆ ಕೇಳಿ, ದುಡ್ಡು ವಾಪಸ್ ಕೊಟ್ಟೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತೆ.

ಗಾಂಜಾ ಬಗ್ಗೆ ಮಾತ್ರ ಕೇಳಲೇಬೇಕು. ವಾಷಿಂಗ್ಟನ್‌ನಲ್ಲಿ 2012ರ ಮತದಾನದ ನಂತರ ಅದು ಕಾನೂನುಬದ್ಧ. ನಿದ್ದೆಗೆ ಅಂತ ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿ ತಿನ್ನುವವರಿದ್ದಾರೆ. ರಾಜ್ಯ ಒಪ್ಪಿದರೂ ಫೆಡರಲ್ ನಿಯಮ ಒಪ್ಪಲ್ಲ, ಕಾರ್ಡ್ ಕೊಡೋಕೆ ಆಗಲ್ಲ. ಇದನ್ನೂ ಫೋನಿನಲ್ಲೇ ಹೇಳಿಬಿಡುತ್ತೇನೆ. ಗೊರಕೆ ಬಗ್ಗೆ ನಿಜ ಹೊರಬರಿಸುವ ಒಂದು ಪ್ರಶ್ನೆ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಬರೆಯಲ್ಲ. ಡ್ರೈವರ್‌ಗಳೂ ಓದುತ್ತಾರೆ.

ಮಧ್ಯೆ ಒಂದು ಪ್ರಯೋಗ. ಶನಿವಾರ ನಾನೇ ಸಾಮಾನು ಹೊತ್ತು ಯಾರ್ಡ್‌ಗೆ ಹೋದರೆ ಹೇಗೆ ಅಂತ. ಇಪ್ಪತ್ತು ಜನ ಅಂದಿದ್ದರು, ನಾಲ್ವರು ಬಂದರು. ಉಳಿದವರು ಸ್ನೋಕ್ವಾಲ್ಮಿ ಪಾಸ್ ಅನ್ನೋ ಬೆಟ್ಟದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡಿದ್ದರು. ಮೂರು ಸಲ ಮಾಡಿ ಬಿಟ್ಟೆ. ಸಂಜೆ 4ರಿಂದ 9, ಜೊತೆಗೆ ಭಾನುವಾರ ಅಂತ ಇಟ್ಟಿದ್ದು ಮಾತ್ರ ಹಿಡಿಯಿತು. ಈಗ 120 ಡಾಲರ್, ಒಬ್ಬರೂ ಚೌಕಾಸಿ ಮಾಡಿಲ್ಲ. ಫಲಿತಾಂಶವನ್ನು ರಿಜಿಸ್ಟ್ರಿಗೆ ಹಾಕೋಕೆ ಮಾರನೇ ದಿನ ಮಧ್ಯರಾತ್ರಿವರೆಗೆ ಸಮಯ ಇದ್ದರೂ, ಡ್ರೈವರ್ ಕುರ್ಚಿಯಿಂದ ಏಳುವ ಮುಂಚೆ ಹಾಕಿ ಮುಗಿಸುತ್ತೇನೆ.

ಇಲ್ಲಿ ಪಂಜಾಬಿ ಡ್ರೈವರ್‌ಗಳು ಜಾಸ್ತಿ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಕಲಿತ ಹಿಂದಿ ಈಗ ಕೆಲಸಕ್ಕೆ ಬರುತ್ತಿದೆ. ಅವರಲ್ಲೊಬ್ಬರು ಹೊಸದಾಗಿ ಇನ್ಸುಲಿನ್ ಶುರು ಮಾಡಿದ್ದರು, ಕೆಲಸ ಹೋಯಿತು ಅಂತಲೇ ಬಂದು ಕೂತರು. 2018ರ ನಂತರ ಇನ್ಸುಲಿನ್‌ಗೆ ಮೊದಲಿನ ಹಾಗೆ ಫೆಡರಲ್ ವಿನಾಯಿತಿ ಬೇಕಿಲ್ಲ, ಡಾಕ್ಟರ್ ಫಾರ್ಮ್ ಜೊತೆ ಮೂರು ತಿಂಗಳ ಸಕ್ಕರೆ ಲೆಕ್ಕ ಇದ್ದರೆ ಒಂದು ವರ್ಷ ಕೊಡಬಹುದು. ಅವರ ಹತ್ತಿರ ಫಾರ್ಮ್ ಇತ್ತು, ಲೆಕ್ಕ ಮೂರೇ ವಾರದ್ದು. ಲೆಕ್ಕ ಕೂಡಿಸಲಿ ಅಂತ ಮೂರು ತಿಂಗಳ ಕಾರ್ಡ್ ಕೊಡೋಕೆ ನಿಯಮದಲ್ಲೇ ಜಾಗ ಇದೆ, ಕೊಟ್ಟೆ. “ದೀದಿ, ಬೇರೆ ಕಡೆ ಆಗಲ್ಲ ಅಂದುಬಿಟ್ಟಿದ್ದರು” ಅಂದರು. ಹೋದ ಭಾನುವಾರ ಮೀಟರ್ ಹಿಡಿದುಕೊಂಡು ವಾಪಸ್ ಬಂದರು, ಒಂದು ದಿನವೂ ತಪ್ಪಿಸಿರಲಿಲ್ಲ. ಒಂದು ವರ್ಷದ ಕಾರ್ಡ್ ಬರೆದುಕೊಟ್ಟೆ. ಇನ್ನೂ ಇಬ್ಬರನ್ನು ಟ್ರಕ್‌ನಲ್ಲೇ ಕೂರಿಸಿಕೊಂಡು ಬಂದಿದ್ದರು, ಅವರನ್ನೂ ಅವತ್ತೇ ನೋಡಿದೆ.