ಪಗಾರದ ತಾರೀಖು, ಓಟಿಪಿ, ನಿದ್ದೆ: ಸ್ಟಾರ್ಟಪ್ ನಡೆಸುವವರ ಬರ್ನೌಟ್ ಬಗ್ಗೆ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಂಥ ಕಡೆ ಹತ್ತು ಹನ್ನೆರಡು ಜನರನ್ನಿಟ್ಟುಕೊಂಡು ಹೊಸ ಉದ್ಯಮ ನಡೆಸುವವರನ್ನು ದುಡಿಮೆಗಿಂತ ಹೆಚ್ಚು ಹಣ್ಣು ಮಾಡುವುದು ತಲೆಯಲ್ಲೇ ಇಟ್ಟುಕೊಂಡ ರೊಕ್ಕದ ಲೆಕ್ಕ. ಹಾಗಾಗಿ ಬರ್ನೌಟ್, ಅಂದರೆ ಕೆಲಸದ ಒತ್ತಡಕ್ಕೆ ಪೂರ್ತಿ ಬಸವಳಿಯುವುದರ ಮಾತು ಬಂದಾಗ ನಾನು ಯೋಗ, ಧ್ಯಾನದಿಂದ ಶುರು ಮಾಡುವುದಿಲ್ಲ. ತಾರೀಖುಗಳಿಂದ ಶುರು ಮಾಡುತ್ತೇನೆ.

ತಿಂಗಳ 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಂಡ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ವಿವರ), 15ಕ್ಕೆ ಕೆಲಸಗಾರರ ಪಿಎಫ್ ಮತ್ತು ಇಎಸ್‌ಐ (ಭವಿಷ್ಯನಿಧಿ, ವಿಮೆ), 20ಕ್ಕೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟುವುದು). ಇವುಗಳ ನಡುವೆ ಪಗಾರ. ಗಿರಾಕಿ ಮಾತ್ರ 90 ದಿನಕ್ಕೆ ಕೊಡುತ್ತಾನೆ. 5 ಲಕ್ಷ ರೂಪಾಯಿಯ ಬಿಲ್ಲಿಗೆ ಶೇ 18ರಂತೆ 90,000 ಜಿಎಸ್‌ಟಿ. ಇನ್‌ಪುಟ್ ಕ್ರೆಡಿಟ್ (ನಮ್ಮ ಖರೀದಿಯ ಮೇಲೆ ಆಗಲೇ ಕೊಟ್ಟ ಜಿಎಸ್‌ಟಿ) ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು, ಬಿಲ್ಲಿನ ರೊಕ್ಕ ಬಂದಿರಲಿ ಬಿಡಲಿ. ಮಾರಾಟ ಹೆಚ್ಚಿದಷ್ಟೂ ಮಾಲಕರ ನಿದ್ದೆ ಕೆಡುವುದು ಇದೇ ಕಾರಣಕ್ಕೆ.

ಇದಕ್ಕೆ ನಾನು ಇಟ್ಟುಕೊಂಡಿರುವುದು 13 ವಾರಗಳ ಎಕ್ಸೆಲ್ ಹಾಳೆ. ಪ್ರತಿ ವಾರಕ್ಕೊಂದು ಸಾಲು: ಆರಂಭದ ಶಿಲ್ಕು, ಖಾತ್ರಿ ಬರುವುದು, ಬರಬಹುದಾದದ್ದು, ಹೋಗುವುದು, ಉಳಿಯುವುದು. 'ಬರಬಹುದಾದದ್ದು' ಅನ್ನುವುದನ್ನು ಗಿರಾಕಿ ಹೇಳಿದ ವಾರಕ್ಕೆ ಹಾಕಬಾರದು, ಮೂರು ವಾರ ಮುಂದಕ್ಕೆ ತಳ್ಳಿ ಹಾಕಬೇಕು. ಶನಿವಾರ ಮಧ್ಯಾಹ್ನ ಅರ್ಧ ತಾಸು ಸಾಕು. ಯಾವುದಾದರೂ ವಾರ ಉಳಿಕೆ ಒಂದು ತಿಂಗಳ ಪಗಾರಕ್ಕಿಂತ ಕೆಳಗಿಳಿದರೆ ವಸೂಲಿಯ ಫೋನು ಅಂದೇ ಹೋಗಬೇಕು. ಜಿಎಸ್‌ಟಿ ರೊಕ್ಕಕ್ಕೆ ಬೇರೆ ಕರೆಂಟ್ ಖಾತೆ ಇಡಿ. ಒಂದೇ ಖಾತೆಯಲ್ಲಿದ್ದರೆ ಅದು ನಮ್ಮದೇ ಅನ್ನಿಸಿ ಖರ್ಚಾಗಿಬಿಡುತ್ತದೆ. ಪಗಾರಕ್ಕಾಗಿ ಮನೆಯವರ ಬಂಗಾರ ಅಡವಿಡಬೇಡಿ. ಕಂಪನಿಯ ಭಾರ ಮನೆಯೊಳಗೆ ಬಂದ ಮೇಲೆ ವಿಶ್ರಾಂತಿಗೆ ಜಾಗವೇ ಉಳಿಯುವುದಿಲ್ಲ.

ಉದ್ಯಮ್ (ಸಣ್ಣ ಉದ್ಯಮಗಳ ಸರಕಾರಿ ನೋಂದಣಿ) ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನಂತೆ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಬಿಲ್ಲಿನ ರೊಕ್ಕ ಕೊಡುವುದು ಬರೆದ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ, ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಖರೀದಿದಾರನಿಗೆ ಆ ಮೊತ್ತವನ್ನು ಅದೇ ವರ್ಷದ ಖರ್ಚಾಗಿ ತೋರಿಸಲು ಬರುವುದಿಲ್ಲ. ಜಗಳವಾಡುವುದಕ್ಕಿಂತ, ಮಾರ್ಚಿಗೆ ಲೆಕ್ಕದ ವರ್ಷ ಮುಗಿಯುವ ಮೊದಲೇ, ಫೆಬ್ರವರಿಯಲ್ಲಿ ಅವರ ಅಕೌಂಟೆಂಟರಿಗೆ ಇದನ್ನು ಸೌಮ್ಯವಾಗಿ ನೆನಪಿಸುವುದು ಲೇಸು.

ಎರಡನೆಯ ಭಾರ, ಎಲ್ಲರೂ ನಿಮ್ಮ ಬಾಗಿಲಿಗೇ ಬರುವುದು. "ಸರ, ಡ್ರಿಲ್ ಬಿಟ್ ಮುಗದಾವು, ತರಲೇನ್ರೀ?" ಇಂಥ ಪ್ರಶ್ನೆಗಳನ್ನು ಒಂದು ವಾರ ಬರೆದಿಡಿ. ಹೆಚ್ಚಿನವು ಸಣ್ಣ ಮೊತ್ತದವೇ ಆಗಿರುತ್ತವೆ. ಸ್ಟೋರ್ ನೋಡುವವರಿಗೆ 5,000, ಸೂಪರ್‌ವೈಸರರಿಗೆ 25,000 ರೂಪಾಯಿವರೆಗೆ ಕೇಳದೆ ತೀರ್ಮಾನಿಸುವ ಅಧಿಕಾರ ಬರೆದು ಕೊಡಿ, ಲೆಕ್ಕವನ್ನು ವಾರಕ್ಕೊಮ್ಮೆ ನೋಡಿ. ಇದು ಕೆಡುವುದು ಒಂದೇ ರೀತಿಯಲ್ಲಿ: ಅವರ ತೀರ್ಮಾನವನ್ನು ನಾಲ್ಕು ಜನರೆದುರು ತಿರುವಿ ಹಾಕಿದರೆ ಮರುದಿನದಿಂದ ಎಲ್ಲ ಪ್ರಶ್ನೆಗಳೂ ವಾಪಸು ನಿಮ್ಮ ಮೇಜಿಗೆ ಬರುತ್ತವೆ. ತಪ್ಪು ಕಂಡರೆ ಅವರೊಬ್ಬರೇ ಇದ್ದಾಗ ಹೇಳಿ.

ರಾತ್ರಿ ಫೋನಿಗೆ ಮೂರೇ ಕಾರಣ: ಯಾರಿಗಾದರೂ ಪೆಟ್ಟು, ಬೆಂಕಿ, ಗಿರಾಕಿಯ ಉತ್ಪಾದನಾ ಲೈನ್ ನಿಂತದ್ದು. ಉಳಿದದ್ದು ಬೆಳಿಗ್ಗೆ. ಇದಕ್ಕೆ ಬೇರೆ ಸಿಮ್ ಬೇಕು. ವಾಟ್ಸ್ಯಾಪ್ ಇರುವ ಫೋನು ಹಾಸಿಗೆಯ ಹತ್ತಿರ ಇರಬಾರದು. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು, ಹಾಗಾಗಿ ಕೊನೆಯ ಕಪ್ಪು ನಾಲ್ಕು ಗಂಟೆಗೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಅನ್ನು ಕಾಯಿಲೆ ಎನ್ನದೆ, ಕೆಲಸದಲ್ಲಿ ಹತೋಟಿಗೆ ಬಾರದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿತು. ಗುರುತು ಮೂರು: ಶಕ್ತಿ ಬತ್ತುವುದು, ಕೆಲಸದ ಮೇಲೆ ತಾತ್ಸಾರ, ಮಾಡಿದ್ದು ಸಾಲದು ಅನ್ನಿಸುವುದು. ಶನಿವಾರದ ಹಾಳೆಯ ಕೊನೆಗೆ ಈ ಮೂರಕ್ಕೂ ಹತ್ತರಲ್ಲಿ ಅಂಕ ಹಾಕುತ್ತೇನೆ. ಬರೀ ದಣಿವು ಭಾನುವಾರದ ನಿದ್ದೆಗೆ ಇಳಿಯುತ್ತದೆ. ತಾತ್ಸಾರದ ಅಂಕ ಮೂರು ವಾರ ಏರುತ್ತಲೇ ಹೋದರೆ ಎರಡು ದಿನ ಗೋವಾಕ್ಕೆ ಹೋಗಿ ಬಂದರೂ ಇಳಿಯುವುದಿಲ್ಲ, ಯಾಕೆಂದರೆ ಮರಳಿ ಬಂದಾಗ ಅದೇ ವ್ಯವಸ್ಥೆ ಕಾದಿರುತ್ತದೆ.

ಆ ಹಂತ ಮುಟ್ಟಿದವರು ಮೊದಲು ವೈದ್ಯರಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ, ಬಿಪಿ ನೋಡಿಸಿಕೊಳ್ಳಿ; ಸುಸ್ತಿಗೆ ಬೇರೆ ಕಾರಣವೂ ಇರಬಹುದು. ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರನ್ನು ಕಾಣಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ.

ಆಮೇಲೆ ಎರಡು ವಾರದ ರಜೆ. ಅದು ಸಾಮಾನ್ಯವಾಗಿ ಮೂರನೇ ದಿನಕ್ಕೇ ಮುರಿಯುವುದು ಓಟಿಪಿಯಿಂದ: ಬ್ಯಾಂಕಿನದೂ ಜಿಎಸ್‌ಟಿಯದೂ ನಿಮ್ಮ ಮೊಬೈಲಿಗೇ ಬರುತ್ತದೆ. ಹೋಗುವ ಮೊದಲೇ ಬ್ಯಾಂಕಿನಲ್ಲಿ ಮಿತಿ ಹಾಕಿ ಇನ್ನೊಬ್ಬರಿಗೆ ಪಾವತಿ ಅಧಿಕಾರ ಕೊಡಿ, ಜಿಎಸ್‌ಟಿ ಪೋರ್ಟಲಿನಲ್ಲಿ ಎರಡನೇ ಸಹಿದಾರರನ್ನು ಸೇರಿಸಿ. ಇವಕ್ಕೆ ಕಾಗದಪತ್ರ, ಸಮಯ ಬೇಕು. ಮೈ ಚೆನ್ನಾಗಿರುವಾಗಲೇ ಮಾಡಿಡಿ. ಮರಳಿದ ಮೇಲೆ ಎರಡು ವಾರ ಮಧ್ಯಾಹ್ನದವರೆಗೆ ಮಾತ್ರ ಕೆಲಸ. ರಜೆಯಲ್ಲಿ ನಿಮ್ಮನ್ನು ಕೇಳದೆ ನಡೆದ ಕೆಲಸಗಳನ್ನು ಮತ್ತೆ ಕೈಗೆ ತೆಗೆದುಕೊಳ್ಳಬೇಡಿ, ಅವು ಆ ಜನರ ಬಳಿಯೇ ಇರಲಿ.