ಬಾಣೆಯ ಮೇಲೆ ರೋಮನ್ ಶಿಬಿರ: 1:10 ಮಾದರಿ

ಕ್ರಿ.ಶ. 43ರಲ್ಲಿ ಬ್ರಿಟನ್ನಿಗೆ ಇಳಿದು, ರೋಮನ್ ರಾಜ್ಯಪಾಲ ಅಗ್ರಿಕೋಲನ ಕಾಲಕ್ಕೆ ಸ್ಕಾಟ್ಲೆಂಡ್ ಮುಟ್ಟಿದ ರೋಮನ್ ಸೇನೆ ದಂಡಯಾತ್ರೆಯಲ್ಲಿ ತಂಗುವಾಗ ಸುತ್ತ ಕಂದಕ ತೋಡುತ್ತಿತ್ತು. ಶಾಲಾ ಪ್ರದರ್ಶನಕ್ಕೆ ಒಂದು ಮೂಲೆ, ಒಂದು ಬಾಗಿಲು ಸಾಕು. ಇಡೀ ಶಿಬಿರಕ್ಕೆ ಬಾಣೆಯ, ಅಂದರೆ ಗದ್ದೆಗೆ ಸೇರಿದ ಹುಲ್ಲು ಗುಡ್ಡದ, ದೊಡ್ಡ ಭಾಗವೇ ಬೇಕಾದೀತು!

ಮಳೆ ಬಿಟ್ಟು ಮಣ್ಣು ಇನ್ನೂ ಹಸಿಯಿರುವಾಗ ಶುರು ಮಾಡಿ. ಜುಲೈಯಲ್ಲಿ ತೋಡಿದರೆ ಅಂಚು ಕುಸಿಯುತ್ತದೆ.

ಕಂದಕ 15 ಸೆಂ.ಮೀ. ಅಗಲ, 9 ಸೆಂ.ಮೀ. ಆಳ, ತಳ ಚೂಪಾಗಿರಲಿ. ಮಣ್ಣನ್ನು ಒಳಬದಿಗೇ ಹಾಕಿ ದಿಣ್ಣೆ ಕಟ್ಟಿ. ಕೊಡಗಿನ ಕಡಂಗ (ಹಳೆಯ ಕಾಲದ ಯುದ್ಧ ಕಂದಕ) ನೋಡಿದವರಿಗೆ ಇದು ಹೊಸತಲ್ಲ. ಆದರೆ ಕಡಂಗ ಗುಡ್ಡದುದ್ದಕ್ಕೂ ಓಡುತ್ತದೆ, ಇದು ಸುತ್ತುವರಿದು ಮುಚ್ಚಿಕೊಳ್ಳುತ್ತದೆ. ದಿಣ್ಣೆಯ ಮುಖಕ್ಕೆ 4.5×3×1.5 ಸೆಂ.ಮೀ. ಅಳತೆಯ ಗರಿಕೆ ಹೆಂಟೆ ಜೋಡಿಸಿ. ಬೇರಿಲ್ಲದ ಹೆಂಟೆ ಒಣಗಿದ ಕೂಡಲೇ ಉದುರುತ್ತದೆ. ಮೇಲೆ ಬಿದಿರು ಸೀಳಿನ ಗೂಟ ನೆಡಿ.

ಹೆಚ್ಚಿನವರು ತಪ್ಪುವುದು ಮೂಲೆಯಲ್ಲಿ. ಅದು ಚೌಕವಲ್ಲ, ದುಂಡಗೆ ತಿರುಗಬೇಕು. ಚೂಪು ಮೂಲೆಯ ಮಣ್ಣು ಬೇಗ ಜಾರುತ್ತದೆ, ಕಾಯುವುದೂ ಕಷ್ಟ. ಬಾಗಿಲಿಗೆ ಕದವಿಲ್ಲ. ಎದುರಿಗೆ 1.8 ಮೀ. ದೂರದಲ್ಲಿ ತುಂಡು ಕಂದಕ, ದಿಣ್ಣೆ ಮಾಡಿ. ನೇರ ನುಗ್ಗುವವರ ವೇಗ ಮುರಿಯಲು ಇದ್ದದ್ದು ಅದೇ. ಒಳಗೂ ದಿಣ್ಣೆಯಿಂದ ಅಷ್ಟೇ ಜಾಗ ಖಾಲಿ ಬಿಟ್ಟು, ಎಂಟೆಂಟು ಸೈನಿಕರ ಡೇರೆಗಳನ್ನು 30 ಸೆಂ.ಮೀ. ಚೌಕದಲ್ಲಿ ಸಾಲಾಗಿ ಹೂಡಿ.