ಗಿಡ್ಡ ಬ್ಯಾರೆಲ್ಲಿನ ಬೋರ್ ನೇರ ಹಿಡಿಯಲು ನಾನು ಮಾಡಿಕೊಂಡ ಲೇತ್ ಫಿಕ್ಸ್ಚರ್

ಪ್ಲಂಜರ್ ಪಂಪಿನ ಬ್ಯಾರೆಲ್ ನೋಡಿದವರಿಗೆ ಗೊತ್ತು, ಅದೊಂದು ದಪ್ಪ ಗೋಡೆಯ ಗಿಡ್ಡ ಕೊಳವೆ. ಅದರೊಳಗೆ ಪ್ಲಂಜರ್ ಎಂಬ ಕಡ್ಡಿ ಹಿಂದೆಮುಂದೆ ಓಡುತ್ತದೆ. ನನ್ನ ಕೈಗೆ ಬರುತ್ತಿದ್ದವು 125 ಮಿ.ಮೀ. ಉದ್ದದವು. ಹೊರಗೆ 36, ಒಳಗೆ ಹೋನ್ ಮಾಡಿ, ಅಂದರೆ ಸಾಣೆಕಲ್ಲಿನಿಂದ ಉಜ್ಜಿ ಮುಗಿಸಿದ 16 ಮಿ.ಮೀ. ಬೋರ್ (ತೂತು). ನಾನು ಮಾಡಬೇಕಿದ್ದದ್ದು ಬಾಯಿಯ ಕಡೆ ಒಂದು ಸೀಟು, ಸೀಲು ಕೂರಲು ಒಂದು ಗ್ರೂವ್ (ತೋಡು). ಎರಡೂ ಬೋರಿನ ಸೆಂಟರಿಗೇ ಬರಬೇಕು. ಇಲ್ಲದಿದ್ದರೆ ಪ್ಲಂಜರ್ ಒಂದು ಮಗ್ಗುಲಿಗೆ ಉಜ್ಜಿ ಸೀಲು ಬೇಗ ಹೋಗುತ್ತದೆ.

ಲೇತಿನಲ್ಲಿ ಜಾಬನ್ನು (ಕೆಲಸದ ತುಂಡನ್ನು) ಕಚ್ಚಿ ಹಿಡಿಯುವುದು ಚಕ್ಕು. ಮೂರು ದವಡೆಗಳ ತ್ರೀ ಜಾ ಚಕ್ಕಿಗೆ ಕಚ್ಚಿಸಿದರೆ ನೇರಕ್ಕೆ ಬರುವುದು ಹೊರಮೈ. ಆಳದ ತೂತು ಕೊರೆಯುವಾಗ ಡ್ರಿಲ್ ಸ್ವಲ್ಪವಾದರೂ ತನ್ನ ದಾರಿ ಹಿಡಿದೇ ಹಿಡಿಯುತ್ತದೆ, ಹೋನ್ ಮಾಡುವಾಗ ಕಲ್ಲು ಅದೇ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ ಹೊರಮೈ ನಂಬಿ ಬೋರ್ ಹಿಡಿಯುವ ಹಾಗಿಲ್ಲ. ದವಡೆಗಳನ್ನು ಒಂದೊಂದಾಗಿ ಸರಿಸಬಹುದಾದ ಫೋರ್ ಜಾ ಚಕ್ಕಿನಲ್ಲಿ ಬಾಯಿಯ ಹತ್ತಿರ ಡಯಲ್ (ಓಲಾಟ ಅಳೆಯುವ ಮುಳ್ಳಿನ ಗೇಜು) ಸೊನ್ನೆಗೆ ತರಬಹುದು, ಆದರೆ ಅದರ ಸ್ಟೈಲಸ್ (ತಾಗುವ ಕಡ್ಡಿ) ಒಳಗೆ ತಳ್ಳುತ್ತ ಹೋದರೆ ಮುಳ್ಳು ಮತ್ತೆ ಓಡಾಡತೊಡಗುತ್ತದೆ. ಜಾಬನ್ನು ಬಡಿದು ಓರೆ ತೆಗೆದರೂ ಅಗಲ ಜಾ ಬಿಗಿದಾಗ ಅದನ್ನು ತನ್ನ ಮೈಗೆ ತಕ್ಕಂತೆ ವಾಪಸ್ ಎಳೆದುಕೊಳ್ಳುತ್ತದೆ. ಎರಡು ತುದಿಗೂ ಊರುವ ಚೂಪು ಮೊನೆಗಳ, ಅಂದರೆ ಸೆಂಟರುಗಳ ನಡುವೆ ಹಿಡಿಯೋಣವೆಂದರೆ ಕೆಲಸ ಮಾಡಬೇಕಾದ ಬಾಯಿಯಲ್ಲೇ ಸೆಂಟರು ಕೂತಿರುತ್ತದೆ. ಹೊರಮೈ ಟರ್ನ್ ಮಾಡಿ ಸ್ಟೆಡಿ (ಹೊರಗಿನಿಂದ ಆನಿಸುವ ಆಸರೆ) ಕೊಡೋಣವೆಂದರೆ ಹೊರಮೈ ಆಗಲೇ ಮುಗಿದು ಬಂದಿದೆ, ಮುಟ್ಟುವಂತಿಲ್ಲ.

ಉದ್ದನೆಯ ಕೊಳವೆಗಳಿಗೆ ಈ ತಲೆನೋವಿಲ್ಲ. ಲೇತಿನ ತಿರುಗುವ ಟೊಳ್ಳು ಸ್ಪಿಂಡಲ್ಲಿನೊಳಗೆ ತೂರಿಸಿ, ಮುಂದೆ ಚಕ್ಕಿನಲ್ಲೂ ಹೆಡ್‌ಸ್ಟಾಕಿನ ಹಿಂದೆ ನಾಲ್ಕು ಸ್ಕ್ರೂಗಳಲ್ಲೂ ಹಿಡಿದರೆ ಎರಡು ಕಡೆ ಹತೋಟಿ ಸಿಗುತ್ತದೆ. ಗಿಡ್ಡ ಜಾಬ್ ಅಲ್ಲಿಯ ತನಕ ಮುಟ್ಟುವುದಿಲ್ಲ. ಹಿಂದಿನ ಆ ನಾಲ್ಕು ಸ್ಕ್ರೂಗಳನ್ನೇ ಮುಂದಕ್ಕೆ ತಂದು, ಚಕ್ಕಿನ ಜಾಗದಲ್ಲೂ ನಾಲ್ಕು ಸ್ಕ್ರೂ ಹಾಕಿ, ಎಂಟೂ ಸ್ಕ್ರೂಗಳಿಗೆ ಒಂದೇ ಮನೆ ಕಟ್ಟಿದರಾಯಿತು. ಜಾಬ್ ಹಿಡಿಯುವ ನನ್ನ ಫಿಕ್ಸ್ಚರ್ ಅಷ್ಟೇ.

ಫಿಕ್ಸ್ಚರಿನ ಬಾಡಿ, ಅಂದರೆ ಮೈ ಮಾಡಲು ತೆಗೆದುಕೊಂಡದ್ದು ಹೊರಗೆ 90, ಒಳಗೆ 50 ಮಿ.ಮೀ. ಇರುವ, 140 ಮಿ.ಮೀ. ಉದ್ದದ ಮೈಲ್ಡ್ ಸ್ಟೀಲ್. ಗೋಡೆ 20 ಮಿ.ಮೀ. ಇರುವುದರಿಂದ ಹಿಂಭಾಗದ ಮುಖದಲ್ಲೇ 8 ಮಿ.ಮೀ. (M8) ಅಲೆನ್ ಬೋಲ್ಟಿಗೆ ಟ್ಯಾಪ್ ಹೊಡೆದು, ಸ್ಪಿಂಡಲ್ ಮೂತಿಗೆ ಕೂರುವ ಎರಕದ ಬ್ಯಾಕ್ ಪ್ಲೇಟಿಗೆ ಬಿಗಿಯಬಹುದು, ಫ್ಲ್ಯಾಂಜ್ ವೆಲ್ಡ್ ಮಾಡುವ ರಗಳೆಯಿಲ್ಲ. ಬ್ಯಾಕ್ ಪ್ಲೇಟಿನ ಮೆಟ್ಟಿಲನ್ನು ನನ್ನ ಸ್ಪಿಂಡಲ್ ಮೇಲೇ ಟರ್ನ್ ಮಾಡಿ ಬಾಡಿಯನ್ನು ಕೂರಿಸಿದೆ. ಕೂರಿಸಿದ ಮೇಲೆ ಅಲ್ಲೇ ಬೋರಿಗೂ ಮುಂಭಾಗದ ಮುಖಕ್ಕೂ ಒಂದು ತೆಳು ಕಟ್ ಕೊಟ್ಟೆ. ಹೊರಮೈಯಲ್ಲಿ ಬೆರಳಗಲದ ಒಂದು ಪಟ್ಟಿಯನ್ನೂ ಅದೇ ಸೆಟ್ಟಿಂಗಿನಲ್ಲಿ ಟರ್ನ್ ಮಾಡಿ ಬಿಟ್ಟಿದ್ದೇನೆ. ಫಿಕ್ಸ್ಚರ್ ಬಿಚ್ಚಿ ಮತ್ತೆ ಏರಿಸಿದಾಗ ಆ ಪಟ್ಟಿಗೆ ಡಯಲ್ ತಾಗಿಸಿದರೆ ಸರಿಯಾಗಿ ಕೂತಿದೆಯೋ, ನಡುವೆ ಚೂರು ಸಿಕ್ಕಿಕೊಂಡಿದೆಯೋ ತಿಳಿಯುತ್ತದೆ.

ಸ್ಕ್ರೂಗಳ ಎರಡು ಸಾಲಿನ ನಡುವೆ ಸರಿಯಾಗಿ 100 ಮಿ.ಮೀ. ಇಟ್ಟೆ, ಈ ಅಂಕಿ ಯಾಕೆಂದು ಮುಂದೆ ಹೇಳುತ್ತೇನೆ. ಮುಂದಿನ ಸಾಲಿನ ಒಂದೊಂದು ಸ್ಕ್ರೂವಿಗೂ ಹಿಂದಿನ ಸಾಲಿನದು ಒಂದೇ ಗೆರೆಯಲ್ಲಿ ಬರಬೇಕು. ಇಲ್ಲದಿದ್ದರೆ ಮುಂದೆ ಎಡಬಲ, ಹಿಂದೆ ಮೂಲೆಮೂಲೆ ಸರಿಸುತ್ತ ತಲೆ ಕೆಡುತ್ತದೆ. ಎಲ್ಲವೂ 10 ಮಿ.ಮೀ. ದಪ್ಪದ, 1 ಮಿ.ಮೀ. ಪಿಚ್ಚಿನ ಸಣ್ಣ ಥ್ರೆಡ್. ಮಾಮೂಲಿ 1.5 ಪಿಚ್ ಸಾಕೆನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಕೊನೆಯ ಒಂದೆರಡು ನೂರರಲ್ಲೊಂದು ಮಿಲಿಮೀಟರಿಗೆ ಅಲೆನ್ ಕೀಲಿಯ ತುದಿಯಲ್ಲಿ ಸಿಗುವ ಆ ನಿಧಾನವೇ ಬೇಕಾದದ್ದು. ಎಲ್ಲವೂ ತಲೆಯಿಲ್ಲದ ಗ್ರಬ್ ಸ್ಕ್ರೂ, ಬಿಗಿದಾಗ ಹೊರತುದಿ ಬಾಡಿಯ ಮೈಯಿಂದ ಒಳಗೇ ಇರಬೇಕು. ಹೊರಗೆ ಚಾಚಿದ ಸ್ಕ್ರೂ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ, ಅಂಗಿಯ ತೋಳಿಗೆ ಮಾತ್ರ ಕಾಣುತ್ತದೆ.

ಹೆಚ್ಚು ಯೋಚಿಸಿದ್ದು ಸ್ಕ್ರೂ ತುದಿಯ ಬಗ್ಗೆ. ಮುಂದಿನ ನಾಲ್ಕೂ ಸ್ಕ್ರೂಗಳ ತುದಿಯನ್ನು ಗುಂಡಗೆ ಟರ್ನ್ ಮಾಡಿ, ಒಂದೊಂದನ್ನೂ ಅಂಗಿ ಗುಂಡಿಯಂಥ ಹಿತ್ತಾಳೆಯ ಪುಟ್ಟ ತುಂಡಿನಲ್ಲಿ ಕುಳಿ ಕೊರೆದು ಕೂರಿಸಿದೆ. ಗುಂಡಿ ಆ ತುದಿಯ ಮೇಲೆ ಎತ್ತ ಬೇಕಾದರೂ ವಾಲುತ್ತದೆ. ಜಾಬನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಓರೆಯಾಗಲು ಬಿಡುತ್ತದೆ. ಅಂದರೆ ಮುಂದಿನ ಸಾಲು ಕೀಲು, ಹಿಂದಿನ ಸಾಲು ಚುಕ್ಕಾಣಿ. ಹಿಂದಿನ ಸ್ಕ್ರೂಗಳಿಗೆ ಚಪ್ಪಟೆ ಹಿತ್ತಾಳೆ ತುದಿ ಸಾಕು. ಮುಂದೆಯೂ ಅಗಲವಾಗಿ ಕಚ್ಚಿ ಹಿಡಿದರೆ ಹಿಂದೆ ಸ್ಕ್ರೂ ತಿರುಗಿಸಿದಾಗ ಜಾಬ್ ವಾಲುವ ಬದಲು ಬಾಗುತ್ತದೆ. ಡಯಲ್ ಸೊನ್ನೆ ತೋರಿಸುತ್ತದೆ, ಬಿಚ್ಚಿದ ಮೇಲೆ ಸೀಟು ಓರೆ.

ಕೌಂಟರ್‌ಬೋರ್ (ಸೀಟಿಗಾಗಿ ಬಾಯಿ ಅಗಲಿಸುವ ಕೆಲಸ) ಮಾಡುವಾಗ ಜಾಬ್ ಹಿಂದಕ್ಕೆ ಜಾರದಂತೆ ಒಂದು ಸ್ಟಾಪ್ ಬೇಕು. ಚಪ್ಪಟೆ ಪ್ಲೇಟಿಗೆ ಒರಗಿಸಿದರೆ ಅದು ಕೀಲಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಒಂದು ಬಿಲ್ಲೆ, ಅದರ ಹಿಂದೆ ನಡುಮಧ್ಯ ಬೇರಿಂಗಿನ ಒಂದು ಗುಂಡು, ಗುಂಡಿನ ಹಿಂದೆ ಬ್ಯಾಕ್ ಪ್ಲೇಟಿನಿಂದ ಬಂದ ಸ್ಕ್ರೂ. ಹೀಗಿದ್ದರೆ ಬಿಲ್ಲೆ ಜಾಬಿನ ಜೊತೆಗೇ ವಾಲುತ್ತದೆ. ಕೂಲೆಂಟ್ ಹರಿದುಹೋಗಲು ಬಿಲ್ಲೆಗೆ ಒಂದೆರಡು ತೂತು ಹಾಕಬೇಕು, ಇಲ್ಲವೆಂದರೆ ಬೋರ್ ತುಂಬಾ ಚೂರಿನ ಕೆಸರು.

ಈಗ ಡಯಲ್. 16 ಮಿ.ಮೀ. ಬೋರಿನೊಳಗೆ ಲಿವರ್ ಡಯಲ್ಲಿನ ಮೈ ಹೋಗುವುದಿಲ್ಲ, ಬರೀ ಉದ್ದ ಸ್ಟೈಲಸ್ ಹಾಕಿದರೆ ಡಯಲ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಸೊನ್ನೆ ಹುಡುಕಲು ಅದು ಅಡ್ಡಿಯಲ್ಲ, ಲೆಕ್ಕ ಹಾಕಲು ಅಡ್ಡಿ. ಅದಕ್ಕೆ ಮಧ್ಯದಲ್ಲಿ ಪಿವಟ್ ಇರುವ ಒಂದು ಕಡ್ಡಿ ಮಾಡಿಕೊಂಡೆ. ಒಳತುದಿಯಲ್ಲಿ ಗುಂಡು, ಹೊರತುದಿಗೆ ಡಯಲ್, ಎರಡೂ ತೋಳು ಸಮ. ಒಳಗೆ ಎಷ್ಟು ಸರಿಯಿತೋ ಹೊರಗೂ ಅಷ್ಟೇ.

ಮೊದಲ ಓದು ಬಾಯಿಯಲ್ಲಿ ತೆಗೆಯುವುದಿಲ್ಲ. ಮುಂದಿನ ಸ್ಕ್ರೂಗಳ ಕೆಳಗೆ, ಅಂದರೆ ನನ್ನ ಜಾಬಿನಲ್ಲಿ 20 ಮಿ.ಮೀ. ಒಳಗೆ ತೆಗೆಯುತ್ತೇನೆ. ಕೀಲು ಇರುವುದೇ ಅಲ್ಲಿ, ಹಾಗಾಗಿ ಆಮೇಲೆ ಹಿಂದೆ ಏನು ತಿರುಗಿಸಿದರೂ ಆ ಜಾಗ ಬಹಳ ಕದಲುವುದಿಲ್ಲ. ಗೇರ್ ನ್ಯೂಟ್ರಲ್‌ಗೆ ಹಾಕಿ, ಕೈಯಲ್ಲಿ ತಿರುಗಿಸುತ್ತ, ಒಂದು ಸ್ಕ್ರೂ ಸಡಿಲಿಸಿ ಎದುರಿನದನ್ನು ಬಿಗಿಯುತ್ತ ಇಲ್ಲಿ ಸೊನ್ನೆಗೆ ತರುತ್ತೇನೆ. ಅನಂತರ ಕಡ್ಡಿಯನ್ನು ಇನ್ನೂ 40 ಮಿ.ಮೀ. ಒಳಗೆ ತಳ್ಳಿ ಎರಡನೆಯ ಓದು, ಇದನ್ನು ಸರಿಪಡಿಸುವುದು ಹಿಂದಿನ ಸ್ಕ್ರೂಗಳಿಂದ ಮಾತ್ರ. ಮುಳ್ಳು ಒಟ್ಟು 0.10 ಓಡಿದರೆ ಬೋರ್ ಸರಿದಿರುವುದು ಅದರ ಅರ್ಧ, 0.05. ಹಿಂದಿನ ಸಾಲು ಕೀಲಿನಿಂದ 100 ದೂರ, ಡಯಲ್ 40 ದೂರ, ಆದ್ದರಿಂದ ಹಿಂದೆ ಎರಡೂವರೆ ಪಟ್ಟು, ಅಂದರೆ 0.125 ಸರಿಸಬೇಕು. 1 ಮಿ.ಮೀ. ಪಿಚ್ಚಿಗೆ ಅದು ಸುತ್ತಿನ ಎಂಟನೇ ಒಂದು ಭಾಗ. ಕೀಲಿಯನ್ನು ಅಷ್ಟು ತಿರುಗಿಸಿದರೆ ಮುಳ್ಳು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಸಾಲುಗಳ ನಡುವೆ 100 ಇಟ್ಟದ್ದು ಈ ಬಾಯಿಲೆಕ್ಕಕ್ಕಾಗಿ. ಮತ್ತೆ ಮುಂದಿನದನ್ನು ಒಮ್ಮೆ ನೋಡಿ ಸ್ವಲ್ಪ ಸರಿಮಾಡಿದರೆ ಮುಗಿಯಿತು. ಹೋನ್ ಗೆರೆಗಳ ಮೇಲೆ ಮುಳ್ಳು ಸಣ್ಣಗೆ ನಡುಗುತ್ತಲೇ ಇರುತ್ತದೆ, ಅದರ ಹಿಂದೆ ಬೀಳಬಾರದು.

ಬೋರಿನ ಈ ತುದಿ, ಆ ತುದಿ ಎರಡಕ್ಕೂ ಡಯಲ್ ಮಾಡುವ ಪದ್ಧತಿಯೂ ಇದೆ. ಬೋರ್ ಬಾಣದಂತೆ ನೇರವಾಗಿದ್ದರೆ ಎರಡೂ ಒಂದೇ. ನಡುವೆ ತುಸು ಬಾಗಿದ್ದರೆ ಎರಡು ತುದಿ ಸೊನ್ನೆಯಾದರೂ ಸೀಟಿನ ಹತ್ತಿರದ ಬೋರ್ ಓರೆಯೇ ಉಳಿಯುತ್ತದೆ. ನನ್ನ ಸೀಟು ಇರುವುದು ಬಾಯಿಯಲ್ಲಿ, ಹಾಗಾಗಿ ಬಾಯಿಯ ಕಡೆಯ ಅರ್ಧ ಉದ್ದ ಹೇಳಿದ್ದನ್ನೇ ಕೇಳುತ್ತೇನೆ.

ಬಿಗಿತದ ವಿಷಯದಲ್ಲಿ ಕೈ ಹಿಡಿತದಲ್ಲಿರಬೇಕು. ಜಾಬ್ ಹಿಡಿಯುವ ಮೊದಲು ಬೋರಿನ ಅಳತೆಗೆ ಮಾಡಿದ ಉರುಳೆ, ಅಂದರೆ ಪ್ಲಗ್ ಗೇಜ್, ಬೋರಿನಲ್ಲಿ ಎಣ್ಣೆಯ ಮೇಲೆ ತಾನಾಗಿ ಜಾರುತ್ತದೆ. ಮುಂದಿನ ಸ್ಕ್ರೂಗಳನ್ನು ಜೋರಾಗಿ ಬಿಗಿದು ಅದೇ ಗೇಜನ್ನು ಬೆರಳಲ್ಲಿ ತಳ್ಳಿ ನೋಡಿ, ಸರಿಯಾಗಿ ಆ ಸಾಲಿನ ಕೆಳಗೆ ಬಂದು ಹಿಡಿಯುತ್ತದೆ. 10 ಮಿ.ಮೀ. ಗೋಡೆಯೂ ಅಷ್ಟು ಒತ್ತಿಕೊಳ್ಳುತ್ತದೆ. ಸ್ವಲ್ಪ ಸಡಿಲಿಸಿದ ಕೂಡಲೇ ಗೇಜ್ ಮುಂದೆ ಸಾಗುತ್ತದೆ. ಅಷ್ಟು ಬಿಗಿತದಲ್ಲಿ ಸಣ್ಣ ಕಟ್ ಧಾರಾಳವಾಗಿ ತೆಗೆಯಬಹುದು. ಫಿಕ್ಸ್ಚರ್ ಸ್ಪಿಂಡಲ್ ಮೂತಿಯಿಂದ ಮುಂದಕ್ಕೆ ಚಾಚಿರುತ್ತದಾದ್ದರಿಂದ ದೊಡ್ಡ ಕಟ್ಟಿಗೆ ಹೋಗುವುದೇ ಬೇಡ.

ಒಂದೇ ಅಳತೆಯ ಬ್ಯಾರೆಲ್‌ಗಳು ಸಾಲಾಗಿ ಬಂದಾಗ ಸಾಲಿಗೆ ಅಕ್ಕಪಕ್ಕದ ಎರಡು ಸ್ಕ್ರೂ ಮಾತ್ರ ಬಿಚ್ಚಿ ಜಾಬ್ ತೆಗೆಯುತ್ತೇನೆ. ಉಳಿದೆರಡು ವಿ ಬ್ಲಾಕಿನಂತೆ ನಿಂತಿರುತ್ತವೆ, ಮುಂದಿನದು ಸುಮಾರು ಅಲ್ಲಿಗೇ ಬಂದು ಕೂರುತ್ತದೆ. ಡಯಲ್ ಮಾತ್ರ ಪ್ರತಿಯೊಂದಕ್ಕೂ ಹೊಸದಾಗಿ ಮಾಡಲೇಬೇಕು, ಬೋರ್ ಪ್ರತಿ ಜಾಬಿನಲ್ಲೂ ಬೇರೆ ಬೇರೆ ಕಡೆಗೆ ಸರಿದಿರುತ್ತದೆ. ಗೋಡೆ ತೀರಾ ತೆಳುವಾದ ಕೊಳವೆಗಳನ್ನು ಇದರಲ್ಲಿ ನೇರ ಹಿಡಿಯುವುದಿಲ್ಲ. ಉದ್ದಕ್ಕೆ ಸೀಳಿದ ಅಲ್ಯೂಮಿನಿಯಂ ಸ್ಲೀವ್ ತೊಡಿಸಿ, ಸ್ಕ್ರೂಗಳನ್ನು ಆ ಸ್ಲೀವಿನ ಮೇಲೆ ಬಿಗಿಯುತ್ತೇನೆ.